ಹುಟ್ಟುಹಬ್ಬ ಮತ್ತು ಈಸ್ಟರ್ ಒಂದೇ ದಿನ ಬಂದರೆ

ಪುನರುತ್ಥಾನದ ಹಬ್ಬ ಮತ್ತು ಮನೆಯ ಹಿರಿಯರೊಬ್ಬರ ಹುಟ್ಟುಹಬ್ಬ ಒಂದೇ ವಾರದಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ ಬಂದರೆ ಏನು ಮಾಡಬೇಕು? ಕರಾವಳಿಯಲ್ಲಿ ಇದು ದೊಡ್ಡ ಪ್ರಶ್ನೆಯಲ್ಲ. ಇಗರ್ಜಿ ಹತ್ತಿರದಲ್ಲೇ ಇರುತ್ತದೆ, ಬಂಧುಗಳೂ ಹತ್ತಿರದಲ್ಲೇ ಇರುತ್ತಾರೆ. ಆದರೆ ಘಟ್ಟ ಹತ್ತಿ ಬಂದು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ನೆಲೆ ನಿಂತ ನಮ್ಮಂತಹ ಕುಟುಂಬಗಳಿಗೆ ಇದು ಪ್ರತಿ ಏಪ್ರಿಲ್‌ನಲ್ಲೂ ಎದುರಾಗುವ ಪ್ರಶ್ನೆ. ಇದೇ ಪರಿಸ್ಥಿತಿಯಲ್ಲಿರುವ ಇತರರಿಗೂ ಉಪಯೋಗವಾಗಲಿ ಎಂದು, ನಾವು ತಿಳಿದುಕೊಂಡದ್ದನ್ನೂ ರೂಢಿ ಮಾಡಿಕೊಂಡದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನಮ್ಮದು ದೊಡ್ಡ ಕುಟುಂಬ. ಬ್ಯಾಂಕ್, ಶಾಲೆ, ಆಸ್ಪತ್ರೆಗಳ ಕೆಲಸಕ್ಕೆಂದು ಬಂದ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಈ ಮೂರು ಊರುಗಳಲ್ಲಿ ಮನೆ ಮಾಡಿದರು. ಮಕ್ಕಳು, ಮೊಮ್ಮಕ್ಕಳು, ಬೀಗರು ಎಲ್ಲರೂ ಸೇರಿದರೆ ಐವತ್ತು ಎಲೆ ಹಾಕಬೇಕಾಗುತ್ತದೆ. ಎಲ್ಲರಿಗೂ ಹಿರಿಯರಾದ ದೊಡ್ಡಮ್ಮ ಹುಟ್ಟಿದ್ದು 1947ರ ಏಪ್ರಿಲ್ 16ರಂದು. ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ದಿನಾಂಕ ಏಕೆ ಬದಲಾಗುತ್ತದೆ?

ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ನಿಂತಿದೆ. ಈಸ್ಟರ್ ಹಾಗಲ್ಲ. ಎಲ್ಲಾ ಸಭೆಗಳೂ ಒಂದೇ ಭಾನುವಾರ ಈ ಹಬ್ಬ ಆಚರಿಸಬೇಕೆಂದು 325ರಲ್ಲಿ ನಡೆದ ನಿಸಿಯ ಮಹಾಸಭೆ ತೀರ್ಮಾನಿಸಿತು. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್ ಎಂಬುದು ಧರ್ಮಸಭೆಯಲ್ಲಿ ನೆಲೆಗೊಂಡ ಲೆಕ್ಕ. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25ರ ನಂತರವೂ ಬರುವುದಿಲ್ಲ.

ಉತ್ತರ ಕರ್ನಾಟಕದ ಜನರಿಗೆ ಇದನ್ನು ವಿವರಿಸುವುದು ಸುಲಭ. ಹೋಳಿ ಹುಣ್ಣಿಮೆ ಮಾರ್ಚ್ ಕೊನೆಯ ವಾರದಲ್ಲಿ ಬಿದ್ದರೆ ಅದರ ಮುಂದಿನ ಭಾನುವಾರ ಈಸ್ಟರ್. ಹೋಳಿ ಅದಕ್ಕಿಂತ ಮೊದಲೇ ಮುಗಿದಿದ್ದರೆ, ಯುಗಾದಿ ಕಳೆದು ಬರುವ ದವನದ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ ಬಂದಿತ್ತು, ಈಸ್ಟರ್ ಮಾರ್ಚ್ 31ಕ್ಕೆ ಬಂತು. 2025ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 12ಕ್ಕೆ, ಈಸ್ಟರ್ ಏಪ್ರಿಲ್ 20ಕ್ಕೆ. ಧರ್ಮಸಭೆ ಬಳಸುವುದು ಮೊದಲೇ ಸಿದ್ಧಪಡಿಸಿದ ಕೋಷ್ಟಕವಾದ್ದರಿಂದ ಪಂಚಾಂಗಕ್ಕೂ ಅದಕ್ಕೂ ಒಮ್ಮೊಮ್ಮೆ ಒಂದು ದಿನದ ವ್ಯತ್ಯಾಸ ಬರುವುದುಂಟು. ಆದರೂ ನಮ್ಮ ನೆರೆಮನೆಯ ಹಿರಿಯರು ಹುಣ್ಣಿಮೆ ನೋಡಿಯೇ, "ನಿಮ್ಮ ಹಬ್ಬ ಬಂತಲ್ರೀ" ಎಂದು ಕೇಳುತ್ತಾರೆ.

ಹೀಗಾಗಿ ದೊಡ್ಡಮ್ಮನ ಹುಟ್ಟುಹಬ್ಬ ಪ್ರತಿ ವರ್ಷ ಬೇರೆ ಬೇರೆ ಸ್ಥಾನಕ್ಕೆ ಬರುತ್ತದೆ. 1954, 1965 ಮತ್ತು 1976ರಲ್ಲಿ ಅದು ಶುಭ ಶುಕ್ರವಾರಕ್ಕೆ ಬಂದಿತ್ತು. ಈಸ್ಟರ್ ಭಾನುವಾರಕ್ಕೆ ಮೊದಲ ಬಾರಿ ಬಂದದ್ದು 1995ರಲ್ಲಿ, ಅವರಿಗೆ 48 ತುಂಬಿದಾಗ. ಆಮೇಲೆ 2006 ಮತ್ತು 2017ರಲ್ಲಿ. 2022ರಲ್ಲಿ ಪವಿತ್ರ ಶನಿವಾರದಂದು. ಮತ್ತೆ ಈಸ್ಟರ್ ದಿನವೇ ಬರುವುದು 2028ರಲ್ಲಿ, ಅಂದರೆ ಅವರ 81ನೇ ವರ್ಷಕ್ಕೆ. ಇನ್ನೂ ಅಪರೂಪದ ದಿನಾಂಕಗಳಿವೆ. 1943ರ ಏಪ್ರಿಲ್ 25ರ ಈಸ್ಟರ್‌ನಂದು ಹುಟ್ಟಿದವರಿಗೆ ಅಂತಹ ಹುಟ್ಟುಹಬ್ಬ ಮತ್ತೆ ಬರುವುದು 2038ರಲ್ಲಿ, 95ನೇ ವಯಸ್ಸಿನಲ್ಲಿ.

ಪವಿತ್ರ ವಾರದಲ್ಲಿ ಬಂದರೆ

ಶುಭ ಶುಕ್ರವಾರ ಉಪವಾಸದ ದಿನ. 18 ತುಂಬಿದವರಿಂದ ಹಿಡಿದು 59 ತುಂಬುವವರೆಗೆ ಉಪವಾಸದ ನಿಯಮವಿದೆ. 14 ತುಂಬಿದವರೆಲ್ಲರೂ ಮಾಂಸಾಹಾರ ವರ್ಜಿಸಬೇಕು. ಅಂದು ಯಾರ ಹುಟ್ಟುಹಬ್ಬವಾದರೂ ಕೇಕ್, ಊಟ, ಹಾಡುಗಳಿಗೆ ಸ್ಥಳವಿಲ್ಲ. ಚಿಕ್ಕ ಮಕ್ಕಳಿದ್ದರೆ ಮೊದಲೇ ಕೂರಿಸಿಕೊಂಡು, ಹಬ್ಬ ರದ್ದಾಗಿಲ್ಲ, ಎರಡು ದಿನ ಮುಂದೆ ಹೋಗಿದೆ ಎಂದು ಹೇಳಬೇಕು. ಹಾಗೆ ಹೇಳಿದರೆ ಮಕ್ಕಳು ಒಪ್ಪುತ್ತಾರೆ. ಹೇಳದೆ ಸುಮ್ಮನಿದ್ದರೆ ಯೇಸುವಿನ ಯಾತನೆಯ ದಿನವೆಂದರೆ ತಮ್ಮ ಕೇಕ್ ತಪ್ಪಿದ ದಿನವೆಂದೇ ನೆನಪಿಟ್ಟುಕೊಳ್ಳುತ್ತಾರೆ.

ಪವಿತ್ರ ಶನಿವಾರ ಹಗಲಿನಲ್ಲಿ ಬಲಿಪೂಜೆ ಇಲ್ಲ. ಧರ್ಮಸಭೆ ಸಮಾಧಿಯ ಬಳಿ ಮೌನವಾಗಿ ಕಾಯುತ್ತದೆ. 2022ರಲ್ಲಿ ನಾವೂ ಕಾದೆವು. ರಾತ್ರಿಯ ಪಾಸ್ಕ ಜಾಗರಣೆ ಮುಗಿದ ಮೇಲೆಯೇ ದೊಡ್ಡಮ್ಮನಿಗೆ ಶುಭಾಶಯ ಕೋರಿದೆವು.

ಈಸ್ಟರ್ ದಿನವೇ ಬಂದರೆ

ಅಂದಿನ ಬಲಿಪೂಜೆಯ ಪ್ರಾರ್ಥನೆ, ವಾಚನಗಳನ್ನು ಹುಟ್ಟುಹಬ್ಬಕ್ಕಾಗಿ ಬದಲಾಯಿಸುವಂತಿಲ್ಲ. ಈಸ್ಟರ್ ಎಲ್ಲ ಹಬ್ಬಗಳಿಗಿಂತ ದೊಡ್ಡದು. ಆದರೆ ಧರ್ಮಗುರುಗಳಿಗೆ ಮೊದಲೇ ತಿಳಿಸಿದರೆ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಕೋರಿಕೆ ಸೇರಿಸಬಹುದು, ಪೂಜೆ ಮುಗಿದ ಬಳಿಕ ಆಶೀರ್ವಾದ ಕೇಳಬಹುದು.

ಹುಟ್ಟುಹಬ್ಬಕ್ಕೂ ಈಸ್ಟರ್‌ಗೂ ಒಳಗಿನ ನಂಟೂ ಇದೆ. ಈಸ್ಟರ್‌ನಂದು ನಾವೆಲ್ಲರೂ ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೇವೆ. ಜ್ಞಾನಸ್ನಾನವೆಂದರೆ ಕ್ರೈಸ್ತನ ಎರಡನೆಯ ಹುಟ್ಟು. ಇದಕ್ಕೆ ಒಳ್ಳೆಯ ಉದಾಹರಣೆ ಪೋಪ್ 16ನೇ ಬೆನೆಡಿಕ್ಟ್. ಅವರು ಜರ್ಮನಿಯ ಮಾರ್ಕ್ಟ್ಲ್ ಎಂಬ ಊರಿನಲ್ಲಿ 1927ರ ಏಪ್ರಿಲ್ 16ರಂದು, ಪವಿತ್ರ ಶನಿವಾರದ ನಸುಕಿನಲ್ಲಿ ಹುಟ್ಟಿದರು. ಆ ಕಾಲದಲ್ಲಿ ಪಾಸ್ಕ ಜಾಗರಣೆಯ ವಿಧಿಗಳು ಶನಿವಾರ ಬೆಳಿಗ್ಗೆಯೇ ನಡೆಯುತ್ತಿದ್ದವು. ಅದನ್ನು ರಾತ್ರಿಗೆ ಮರಳಿಸಿದ್ದು ಪೋಪ್ 12ನೇ ಪಿಯುಸ್, 1951ರಲ್ಲಿ ಪ್ರಾಯೋಗಿಕವಾಗಿ ಮತ್ತು 1956ರಿಂದ ಎಲ್ಲೆಡೆ. ಹೀಗಾಗಿ ಹುಟ್ಟಿದ ಕೆಲವೇ ತಾಸುಗಳಲ್ಲಿ, ಅಂದೇ ಆಶೀರ್ವದಿಸಿದ ಹೊಸ ನೀರಿನಿಂದ ಆ ಮಗುವಿಗೆ ಜ್ಞಾನಸ್ನಾನವಾಯಿತು. ತಮ್ಮ ಬದುಕು ಮೊದಲಿನಿಂದಲೂ ಪಾಸ್ಕ ರಹಸ್ಯದಲ್ಲಿ ಮುಳುಗಿತ್ತು ಎಂಬುದನ್ನು ಅವರು ಮುಂದೆ ಕೃತಜ್ಞತೆಯಿಂದ ನೆನೆದರು. 2006ರಲ್ಲಿ ಅವರ 79ನೇ ಮತ್ತು 2017ರಲ್ಲಿ 90ನೇ ಹುಟ್ಟುಹಬ್ಬ ಈಸ್ಟರ್ ಭಾನುವಾರದಂದೇ ಬಂದವು. ಅವರು 2022ರ ಡಿಸೆಂಬರ್ 31ರಂದು ನಿಧನರಾದರು. ತನ್ನ ಹುಟ್ಟಿದ ದಿನವೂ ಅವರದೂ ಒಂದೇ ಎಂಬುದು ದೊಡ್ಡಮ್ಮನಿಗೆ ಸಣ್ಣ ಸಂತೋಷವಲ್ಲ.

ಎಂಟು ದಿನಗಳ ಅನುಕೂಲ

ಈಸ್ಟರ್ ಒಂದು ದಿನದಲ್ಲಿ ಮುಗಿಯುವುದಿಲ್ಲ. ಮುಂದಿನ ಭಾನುವಾರದವರೆಗೆ ಎಂಟು ದಿನಗಳೂ ಮಹೋತ್ಸವದ ದಿನಗಳೇ. ಆ ಎಂಟನೆಯ ದಿನವನ್ನು ದೈವಿಕ ಕರುಣೆಯ ಭಾನುವಾರವೆಂದು ಆಚರಿಸಬೇಕೆಂದು ಪೋಪ್ 2ನೇ ಜಾನ್ ಪಾಲ್ 2000ದಲ್ಲಿ ಘೋಷಿಸಿದರು. ಈ ವಾರದ ಶುಕ್ರವಾರದಂದು ಮಾಂಸ ವರ್ಜಿಸುವ ನಿಯಮವೂ ಅನ್ವಯಿಸುವುದಿಲ್ಲ. ಆದ್ದರಿಂದ ಪವಿತ್ರ ವಾರದಲ್ಲಿ ಬಂದ ಹುಟ್ಟುಹಬ್ಬವನ್ನು ಈ ಎಂಟು ದಿನಗಳಲ್ಲಿ ಧಾರಾಳವಾಗಿ ಆಚರಿಸಬಹುದು. ದೂರದ ಬೆಂಗಳೂರು, ಮಂಗಳೂರುಗಳಿಂದ ಬರುವವರಿಗೆ ರಜೆ ಹೊಂದಿಸಿಕೊಳ್ಳಲೂ ಇದು ಅನುಕೂಲ.

ಪೂಜೆ ಮತ್ತು ಪ್ರಯಾಣ

ಗದಗ ಜಿಲ್ಲೆ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆ. 1953ರಲ್ಲಿ ಸ್ಥಾಪನೆಯಾದ ಈ ಧರ್ಮಪ್ರಾಂತ್ಯದಿಂದಲೇ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರೆಯಾಯಿತು. ಆದ್ದರಿಂದ ಕರಾವಳಿಗೂ ಬಯಲುಸೀಮೆಗೂ ಸಭೆಯ ನಂಟು ಹೊಸದಲ್ಲ. ಆದರೆ ಇಲ್ಲಿ ವಿಶ್ವಾಸಿಗಳು ಚದುರಿಹೋಗಿದ್ದಾರೆ, ದಾರಿ ಉದ್ದ. ನರಗುಂದಕ್ಕಾಗಲೀ ಗಜೇಂದ್ರಗಡಕ್ಕಾಗಲೀ ರೈಲು ಇಲ್ಲ. ರೋಣ ತಾಲೂಕಿನವರಿಗೆ ಹೊಳೆಆಲೂರು ನಿಲ್ದಾಣವಿದೆ. ರಾತ್ರಿ ಜಾಗರಣೆಗೆ ಗದಗಕ್ಕೆ ಹೋದರೆ ಮರಳಿ ಬರಲು ಬಸ್ಸು ಸಿಗುವುದು ಕಷ್ಟ. ಆದ್ದರಿಂದ ಪೂಜೆಯ ವೇಳೆಯನ್ನು ಗರಿಗಳ ಭಾನುವಾರವೇ ವಿಚಾರಿಸಿಕೊಂಡು, ವಯಸ್ಸಾದವರಿಗೆ ಒಂದು ಗಾಡಿಯನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳುತ್ತೇವೆ. ಊಟದ ವೇಳೆಯನ್ನು ಪೂಜೆಯ ವೇಳೆಗೆ ಹೊಂದಿಸುತ್ತೇವೆ, ಪೂಜೆಯನ್ನು ಊಟಕ್ಕೆ ಹೊಂದಿಸುವುದಿಲ್ಲ. "ನನ್ನ ಹುಟ್ಟಿದ ಹಬ್ಬ ಯಾವಾಗ ಬೇಕಾದ್ರೂ ಮಾಡ್ರಿ, ಪಾಸ್ಕದ ಪೂಜಿ ಮಾತ್ರ ತಪ್ಪಿಸಬ್ಯಾಡ್ರಿ" ಎಂಬುದು ದೊಡ್ಡಮ್ಮನ ಕಟ್ಟಪ್ಪಣೆ.

ಒಂದೇ ಪಂಕ್ತಿಯ ಊಟ

ಮೂರು ಊರಿನವರು ಸರದಿಯಂತೆ ಮನೆ ತೆರೆಯುತ್ತಾರೆ. ಒಂದು ವರ್ಷ ರೋಣ, ಮರುವರ್ಷ ನರಗುಂದ, ಅದರ ಮರುವರ್ಷ ಗಜೇಂದ್ರಗಡ. ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಸಣ್ಣ ಸಂಬಳದವರು ಅಕ್ಕಿ, ಬೆಲ್ಲ ತಂದರೂ ಅದು ಸಮಪಾಲೇ. ಲೆಕ್ಕದ ಮಾತಿಗೆ ಒಡೆದ ಕುಟುಂಬಗಳನ್ನು ನೋಡಿದ್ದೇವೆ. ಆದ್ದರಿಂದ ಈ ಮಾತು ಮೊದಲೇ ಆಗಬೇಕು.

ಅಡುಗೆಯಲ್ಲಿ ಎರಡು ಸೀಮೆಗಳೂ ಸೇರುತ್ತವೆ. ಸಣ್ಣ ಮಾಡಲು ಇಲ್ಲಿ ಶೇಂದಿ ಸಿಗದು, ಯೀಸ್ಟ್ ಹಾಕಿ ಹಿಟ್ಟು ಹುದುಗಿಸುತ್ತೇವೆ. ಬಿಸಿಲ ನಾಡಾದ್ದರಿಂದ ಹಿಟ್ಟು ಬೇಗ ಉಬ್ಬುತ್ತದೆ, ರಾತ್ರಿಯಿಡೀ ಇಟ್ಟರೆ ಹುಳಿಯಾಗುತ್ತದೆ. ಹಂದಿಮಾಂಸ ಕರಾವಳಿಯಷ್ಟು ಸುಲಭವಾಗಿ ದೊರೆಯದು, ಆದ್ದರಿಂದ ಬಾಫಾತ್ ಪುಡಿ ಕೋಳಿಗೋ ಕುರಿಮಾಂಸಕ್ಕೋ ಬೀಳುತ್ತದೆ. ನೆರೆಯವರಲ್ಲಿ ಅನೇಕರು ಲಿಂಗಾಯತರು, ಸಸ್ಯಾಹಾರಿಗಳು. ಅವರಿಗಾಗಿ ಬೇರೆ ಒಲೆ, ಬೇರೆ ಪಾತ್ರೆಗಳಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಹೋಳಿಗೆ ಸಿದ್ಧವಾಗುತ್ತವೆ. ಅವರನ್ನು ಮೊದಲು ಕೂರಿಸುತ್ತೇವೆ. ಯುಗಾದಿಗೆ ಅವರು ನಮಗೆ ಬೇವು-ಬೆಲ್ಲ ಕೊಟ್ಟಿರುತ್ತಾರೆ, ಈಸ್ಟರ್‌ಗೆ ನಾವು ಅವರನ್ನು ಕರೆಯದಿರುವುದು ಹೇಗೆ?

ಮದುವೆಯಿಂದ ಬಂದ ನಂಟರಲ್ಲಿ ಬಾಸೆಲ್ ಮಿಷನ್ ಪರಂಪರೆಯ ದಕ್ಷಿಣ ಭಾರತ ಸಭೆಯವರೂ ಇದ್ದಾರೆ. ಆ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಿತ್ತು. ಅವರೂ ನಾವೂ ಈಸ್ಟರ್ ಆಚರಿಸುವುದು ಒಂದೇ ದಿನ. ಬೆಳಿಗ್ಗೆ ಅವರವರ ಆರಾಧನೆಗೆ ಹೋಗಿ ಬರುತ್ತೇವೆ, ಮಧ್ಯಾಹ್ನ ಊಟಕ್ಕೆ ಮುಂಚೆ ಪ್ರಾರ್ಥನೆಯನ್ನು ಒಟ್ಟಿಗೆ ಹೇಳುತ್ತೇವೆ.

ಕೇಕ್ ಕತ್ತರಿಸುವ ಮೊದಲು ಮನೆಯ ಕಿರಿಯ ಮಗು ಮೇಣದಬತ್ತಿ ಹಚ್ಚುತ್ತದೆ. ಅದನ್ನು ಊದಿ ಆರಿಸುವುದಿಲ್ಲ. ಜಾಗರಣೆಯ ರಾತ್ರಿ ಪಾಸ್ಕ ದೀಪದಿಂದ ಹಚ್ಚಿಕೊಂಡ ಬತ್ತಿ ಅದು, ಊಟ ಮುಗಿಯುವವರೆಗೆ ಉರಿಯಲಿ ಎಂದು ಬಿಡುತ್ತೇವೆ. ಆ ವರ್ಷ ತೀರಿಕೊಂಡವರ ಹೆಸರು ಹೇಳಿ, ಬಳಿಕ ದೊಡ್ಡಮ್ಮನಿಗೆ ಹಾಡುತ್ತೇವೆ. ಪುನರುತ್ಥಾನದಲ್ಲಿ ವಿಶ್ವಾಸವಿಟ್ಟವರಿಗೆ ಇವೆರಡೂ ಒಂದೇ ಮೇಜಿನಲ್ಲಿ ಆಗಬಹುದಾದ ಕೆಲಸಗಳು.

ಹಿರಿಯರ ಮುಂದಿನ ಹುಟ್ಟುಹಬ್ಬ ನಮ್ಮ ಕೈಯಲ್ಲಿಲ್ಲ. 2028 ಬರಲಿ ಎಂದು ಕಾಯದೆ ಪ್ರತಿ ವರ್ಷವೂ ಸೇರುವುದು ಮಾತ್ರ ನಮ್ಮ ಕೈಯಲ್ಲಿದೆ. ಓದುಗರ ಮನೆಗಳಲ್ಲಿಯೂ ಹಿರಿಯರಿದ್ದರೆ ಈ ಎಂಟು ದಿನಗಳಲ್ಲಿ ಒಂದು ದಿನವನ್ನು ಅವರಿಗಾಗಿ ಮೀಸಲಿಡಿ. ಪುನರುತ್ಥಾನಿ ಕ್ರಿಸ್ತರ ಶಾಂತಿ ನಿಮ್ಮೆಲ್ಲರ ಮನೆಗಳಲ್ಲಿ ನೆಲೆಸಲಿ.