ಲೇಜಿಮ್ ಆಟವೋ, ಮೆರವಣಿಗೆಯೋ?



ತೊಗರಿ ಕಾಯಿ ಕಟ್ಟುವ ಈ ಕಾಲಕ್ಕೆ ನಾನು ಕಾಯಿಕೊರಕ ಹುಳದ ವಿಷಯವನ್ನೇ ಬರೆಯಬೇಕಾಗಿತ್ತು. ಅದು ಹಿಂದಿನ ಸಂಚಿಕೆಯಲ್ಲಿ ಬಂದಾಗಿದೆ. ಮೋಹಕ ಬಲೆ ಕಟ್ಟದೆ ಇದ್ದವರು ಇನ್ನಾದರೂ ಕಟ್ಟಿರಿ. ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದಿಡುತ್ತೇನೆ. ಬಸವಕಲ್ಯಾಣ ಮತ್ತು ಹುಮನಾಬಾದ ಕಡೆಯ ಊರುಗಳಲ್ಲಿ ತಿರುಗಾಡುವಾಗ ಇದೇ ಪ್ರಶ್ನೆಯನ್ನು ನಾನು ಮೂರು ಕಡೆ ಕೇಳಿದ್ದೇನೆ. ಒಂದು ಕಡೆ ಅದು ಜಗಳದವರೆಗೂ ಹೋಗಿತ್ತು.

ನಡೆದದ್ದು ಇಷ್ಟು. ಒಂದು ಊರಿನ ಯುವಕ ಸಂಘದಲ್ಲಿ ಕ್ರೀಡೆಗೆಂದು ತೆಗೆದಿರಿಸಿದ ಸ್ವಲ್ಪ ಹಣವಿತ್ತು. ಕಬಡ್ಡಿಯ ಹುಡುಗರಿಗೆ ಬನಿಯನ್-ಚಡ್ಡಿ ಬೇಕಾಗಿತ್ತು. ಲೇಜಿಮ್ ಹುಡುಗರ ಸರಪಳಿಗಳು ಹರಿದಿದ್ದವು, ಹಲಗೆಯ ಚರ್ಮವೂ ಬದಲಾಗಬೇಕಾಗಿತ್ತು. ಕಟ್ಟೆಯ ಮೇಲೆ ಸಭೆ ಕೂಡಿದಾಗ ಹಿರಿಯರೊಬ್ಬರು, “ಬಾರ್ಸಾದು ಕುಣ್ಯಾದು ಆಟ ಹ್ಯಾಂಗ ಆಗ್ತದ್ರೀ ಸಾಹೇಬ್ರ? ಅದು ಮೆರವಣಗಿ. ಆಟದ ರೊಕ್ಕ ಆಟಕ್ಕೇ ಹೋಗ್ಲಿ” ಎಂದರು. ಲೇಜಿಮ್ ತಂಡದ ಹುಡುಗನೊಬ್ಬ ಎದ್ದು, “ಕಾಕಾ, ನೀವು ಅರ್ಧ ತಾಸು ಕೈಯಾಗ ಹಿಡ್ದು ನೋಡ್ರಿ, ಆಮ್ಯಾಲ ಹೇಳ್ರಿ” ಎಂದ. ಎಲ್ಲರೂ ನಕ್ಕರು. ಆದರೆ ಹಣ ಕಬಡ್ಡಿಗೇ ಹೋಯಿತು.

ಲೇಜಿಮ್ ಎಂದರೆ ಏನೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಮರದ ದಂಡ, ಅದರ ಎರಡು ತುದಿಗೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಯಲ್ಲಿ ಝಲ್ಲೆನ್ನುವ ತಗಡಿನ ಬಿಲ್ಲೆಗಳು. ಬಿಲ್ಲಿನಂತೆ ಕಾಣುವ ಈ ವಸ್ತು ಮೊದಲು ಮೆರವಣಿಗೆಯದಲ್ಲ, ಗರಡಿಯ ಮನೆಯದು. ಬಿಲ್ಲಿಗೆ ದಾರದ ಬದಲು ಭಾರವಾದ ಸರಪಳಿ ಕಟ್ಟಿ ತೋಳಿನ ಕಸುವು ಬೆಳೆಸುವುದು ಹಳೆಯ ವ್ಯಾಯಾಮ. ಪಾರಸಿ ನಾಡಿನಿಂದ ಬಂದ ಹೆಸರು ಈಗಲೂ ಹಾಗೆಯೇ ಉಳಿದಿದೆ. ಮುಂದೆ ಮಹಾರಾಷ್ಟ್ರದ ಶಾಲೆಗಳಲ್ಲಿಯೂ ನಮ್ಮ ಗಡಿಯ ಶಾಲೆಗಳಲ್ಲಿಯೂ ಡ್ರಿಲ್ ಮಾಸ್ತರರು ಅದನ್ನು ಹಗುರ ಮಾಡಿ, ಸಾಲು ಕಟ್ಟಿ, ಹಲಗೆಯ ಬಡಿತಕ್ಕೆ ಕಲಿಸಿದರು. ಚಾರ್ ಆವಾಜ್, ಏಕ್ ಜಗಹ್, ದೋ ರುಖ್ ಎಂಬ ಕೂಗು ಕೇಳದೆ ನಮ್ಮ ಕಡೆ ಶಾಲೆ ಮುಗಿಸಿದವರು ಕಡಿಮೆ. ನಾನೂ ಹಿಡಿದವನೇ, ಆದರೆ ಹಿಂದಿನ ಸಾಲಿನಲ್ಲಿ, ಏಕೆಂದರೆ ಮುಂದಿನ ಸಾಲಿಗೆ ತಾಳ ತಪ್ಪದವರು ಬೇಕಾಗಿತ್ತು.

ಈಗ ಪ್ರಶ್ನೆಗೆ ಬರೋಣ. ಪಂದ್ಯ ಇಟ್ಟ ಮಾತ್ರಕ್ಕೆ ಯಾವುದೂ ಆಟವಾಗುವುದಿಲ್ಲ. ಕೃಷಿ ಇಲಾಖೆಯವರು ಬೆಳೆ ಸ್ಪರ್ಧೆ ಇಡುತ್ತಾರೆ. ಹೊಲದಲ್ಲಿ ಅಳೆದು ಕೊಯ್ದು ತೂಗಿ ಬಹುಮಾನ ಕೊಡುತ್ತಾರೆ. ಹಾಗೆಂದು ಜೋಳ ಬೆಳೆಯುವುದನ್ನು ಯಾರೂ ಆಟ ಎನ್ನುವುದಿಲ್ಲ. ಭಜನೆಯ ಸ್ಪರ್ಧೆಯೂ ಇದೆ. ಕುಳಿತು ಹಾಡುವುದು ಸಂಗೀತವೇ ಹೊರತು ಕ್ರೀಡೆಯಲ್ಲ. ಇದನ್ನು ಒಲಿಂಪಿಕ್ಸ್ ನಡೆಸುವವರೂ ಅನುಭವದಿಂದ ಕಲಿತಂತಿದೆ. 1912ರಿಂದ 1948ರವರೆಗೆ ಅಲ್ಲಿ ಸಂಗೀತ, ಸಾಹಿತ್ಯ, ಚಿತ್ರಕಲೆಗಳಿಗೂ ಪದಕ ಕೊಡುತ್ತಿದ್ದರು; ಆಮೇಲೆ ನಿಲ್ಲಿಸಿದರು. ಆದರೆ ಅದೇ ಒಲಿಂಪಿಕ್ಸ್‌ನಲ್ಲಿ 1984ರಿಂದ ಸಂಗೀತದ ತಾಳಕ್ಕೆ ಚೆಂಡು, ರಿಬ್ಬನ್ ಹಿಡಿದು ಮಾಡುವ ಜಿಮ್ನಾಸ್ಟಿಕ್ಸ್‌ಗೆ ಪದಕವಿದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಬ್ರೇಕಿಂಗ್ ಎಂಬ ಬೀದಿ ಕುಣಿತಕ್ಕೂ ಪದಕ ಕೊಟ್ಟರು. ಕುಳಿತು ರಚಿಸಿದ ರಾಗಕ್ಕೆ ಈಗ ಪದಕವಿಲ್ಲ; ತಾಳಕ್ಕೆ ಮೈ ದಣಿಸಿದವರಿಗೆ ಉಂಟು. ಗೆರೆ ಎಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಲೇಜಿಮ್‌ನಲ್ಲಿ ಮೈಯ ದುಡಿಮೆ ಎಷ್ಟಿದೆ? ಕಳೆದ ತಿಂಗಳು ಒಂದು ಅಭ್ಯಾಸದ ಹೊತ್ತಿಗೆ ಹೋಗಿ ಹುಡುಗರ ನಾಡಿ ಹಿಡಿದು ನೋಡಿದೆನು. ತಾವೂ ನೋಡಬಹುದು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಬರುತ್ತದೆ. ಕುಳಿತಾಗ ಇದ್ದುದು, ಹತ್ತು ನಿಮಿಷ ಬಗ್ಗಿ, ಹಾರಿ, ಮೊಣಕಾಲೂರಿ ಆಡಿದ ಮೇಲೆ ಬಹಳ ಮಂದಿಗೆ ಎರಡರಷ್ಟಕ್ಕೆ ಸಮೀಪವಾಗಿತ್ತು. ಓಡಿ ಬಂದವನ ನಾಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಓಡುವವನಿಗೆ ಇಲ್ಲದ ಇನ್ನೊಂದು ಕಷ್ಟ ಇವರಿಗಿದೆ. ದಣಿವಾದಂತೆ ಕಾಲು ತಡವಾಗುತ್ತದೆ, ಕೈಯ ಝಲ್ಲು ಮಾತ್ರ ತಡವಾಗಕೂಡದು. ಹದಿನಾರು ಮಂದಿಯಲ್ಲಿ ಒಬ್ಬನ ಬಿಲ್ಲೆ ಅರೆಕ್ಷಣ ಹಿಂದೆ ಬಿದ್ದರೂ ಊರಿಗೆಲ್ಲಾ ಕೇಳಿಸುತ್ತದೆ.

ಎದುರಾಳಿಯನ್ನು ಹಿಡಿದು ಕೆಡವುವುದಿಲ್ಲವಲ್ಲ, ಇದೆಂಥ ಆಟ ಎಂದು ಕೇಳುವವರುಂಟು. ಓಟದಲ್ಲಿಯೂ ಯಾರೂ ಯಾರನ್ನೂ ಹಿಡಿಯುವುದಿಲ್ಲ. ಮಲ್ಲಕಂಬದಲ್ಲಿ ಒಬ್ಬನೇ ಕಂಬದ ಮೇಲಿರುತ್ತಾನೆ. ನೋಡುವವರು ಅಂಕ ಹಾಕುತ್ತಾರೆ. ಆ ಮಲ್ಲಕಂಬವನ್ನು ಹಗ್ಗ ಜಗ್ಗಾಟದೊಂದಿಗೆ 2020ರಲ್ಲಿ ಕೇಂದ್ರ ಸರಕಾರದ ಕ್ರೀಡಾ ಕೋಟಾ ನೌಕರಿಗಳ ಪಟ್ಟಿಗೆ ಸೇರಿಸಿದರು. ಯೋಗಾಸನಕ್ಕೆ ಅದೇ ವರ್ಷ ಡಿಸೆಂಬರಿನಲ್ಲಿ ಸ್ಪರ್ಧಾತ್ಮಕ ಕ್ರೀಡೆ ಎಂಬ ಮನ್ನಣೆ ಸಿಕ್ಕಿತು. ಲೇಜಿಮ್ ಆ ಪಟ್ಟಿಯಲ್ಲಿಲ್ಲ. ಇದು ಬರೀ ಮಾತಿನ ವಾದವಲ್ಲ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ. ಆಟ ಎಂದು ಬರೆದರೆ ಪ್ರಮಾಣಪತ್ರಕ್ಕೆ ಒಂದು ಬೆಲೆ, ಮೆರವಣಿಗೆ ಎಂದು ಬರೆದರೆ ಇನ್ನೊಂದು ಬೆಲೆ.

ಕಬಡ್ಡಿಯ ಕತೆಯನ್ನು ನೆನೆಸಿಕೊಳ್ಳಿರಿ. ಹುತುತು ಎಂದು ಆಡುತ್ತಿದ್ದ ಕಾಲದಲ್ಲಿ ಊರಿಗೊಂದು ನಿಯಮ, ಓಣಿಗೊಂದು ಗೆರೆ. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗಿ ಅದನ್ನು ಪ್ರದರ್ಶನವಾಗಿ ತೋರಿಸಿ ಬಂದರು. 1950ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು, ನಿಯಮಗಳು ಒಂದಾದವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಇನ್ನೂ ಪ್ರದರ್ಶನದ ಆಟವೇ. ಅದೇ ಕೂಟದ ಉದ್ಘಾಟನೆಗೆ ಸಾಂಗಲಿಯ ಲೇಜಿಮ್ ತಂಡದವರೂ ಹೋಗಿದ್ದರು. ಎಂಟು ವರ್ಷಗಳ ತರುವಾಯ, 1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿಗೆ ಚಿನ್ನದ ಪದಕ ಬಂದಿತು. ಲೇಜಿಮ್ ಉದ್ಘಾಟನೆಯ ಅಲಂಕಾರವಾಗಿಯೇ ಉಳಿಯಿತು. ಒಂದಕ್ಕೆ ಗೆರೆ, ಗಡಿಯಾರ, ಪಂಚರು ಇದ್ದರು. ಇನ್ನೊಂದಕ್ಕೆ ಚಪ್ಪಾಳೆ ಮಾತ್ರ ಇತ್ತು.

ನಡೆಯುತ್ತ ಬಾರಿಸುವುದಕ್ಕೆ ಅಂಕ ಹಾಕಲು ಬರುವುದಿಲ್ಲ ಎನ್ನುವಂತಿಲ್ಲ. ಅಮೆರಿಕಾ ದೇಶದಲ್ಲಿ 1972ರಿಂದ ಡ್ರಮ್ ಕೋರ್ ಎಂಬ ಪಂದ್ಯಗಳು ವ್ಯವಸ್ಥಿತವಾಗಿ ನಡೆಯುತ್ತಿವೆ. ನೂರಕ್ಕೂ ಮಿಕ್ಕಿದ ಹುಡುಗ-ಹುಡುಗಿಯರು ಕಹಳೆ, ಡೋಲು ಹೊತ್ತು ಮೈದಾನದ ಮೇಲೆ ಓಡುತ್ತ, ಚಿತ್ರ ಕಟ್ಟುತ್ತ ಹತ್ತು-ಹನ್ನೆರಡು ನಿಮಿಷ ಬಾರಿಸುತ್ತಾರೆ. ವಾದನಕ್ಕೆ ಬೇರೆ, ಚಲನೆಗೆ ಬೇರೆ, ಒಟ್ಟು ಪರಿಣಾಮಕ್ಕೆ ಬೇರೆ ತೀರ್ಪುಗಾರರು. ಅದು ಕ್ರೀಡೆಯೇ ಅಲ್ಲವೇ ಎಂಬ ವಾದ ಅಲ್ಲಿಯೂ ತೀರಿಲ್ಲವಂತೆ. ನಮ್ಮ ದೇಶದಲ್ಲಿ ಅಖಿಲ ಭಾರತ ಪೊಲೀಸ್ ಬ್ಯಾಂಡ್ ಸ್ಪರ್ಧೆ ಪೊಲೀಸ್ ಕ್ರೀಡಾ ನಿಯಂತ್ರಣ ಮಂಡಳಿಯ ಆಶ್ರಯದಲ್ಲಿ ನಡೆಯುತ್ತದೆ. ಪೊಲೀಸರು ಆ ಪ್ರಶ್ನೆಯನ್ನು ತಮ್ಮ ಮಟ್ಟಿಗೆ ಬಗೆಹರಿಸಿಕೊಂಡಂತಾಯಿತು. ಶಾಲಾ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆಯ ಕೊನೆಯ ಸುತ್ತು 2025ರ ಜನವರಿಯಲ್ಲಿ ನಡೆದದ್ದು ಸಭಾಗೃಹದಲ್ಲಿ ಅಲ್ಲ, ದೆಹಲಿಯ ಧ್ಯಾನಚಂದ್ ಕ್ರೀಡಾಂಗಣದಲ್ಲಿ. ನಮ್ಮ ರಾಜ್ಯದ ಶಾಲೆಗಳಲ್ಲಿ ಮಾತ್ರ ಕೋಲಾಟ, ಜನಪದ ನೃತ್ಯಗಳು ಪ್ರತಿಭಾ ಕಾರಂಜಿಗೆ, ಕಬಡ್ಡಿ, ಖೋ-ಖೋ ಕ್ರೀಡಾಕೂಟಕ್ಕೆ ಎಂದು ಪಾಲಾಗಿವೆ.

ಆದುದರಿಂದ ನನ್ನ ಅಭಿಪ್ರಾಯ ಇದು: ತಂಡ ಕಟ್ಟಿ, ನಿಯಮಕ್ಕೆ ಒಳಪಟ್ಟು, ಕಾಲದ ಮಿತಿಯೊಳಗೆ ಆಡುವ ಲೇಜಿಮ್ ಪಂದ್ಯ ಆಟವೇ ಸರಿ, ಸಂಘದ ಕ್ರೀಡಾ ಹಣದಲ್ಲಿ ಅದಕ್ಕೆ ಪಾಲು ಇರತಕ್ಕದ್ದು. ಆದರೆ ಎಲ್ಲಾ ವಾದನವನ್ನೂ ಪಂದ್ಯ ಮಾಡಹೊರಟರೆ ನಾನು ಒಪ್ಪೆನು. ವೀರಭದ್ರೇಶ್ವರನ ಪಲ್ಲಕ್ಕಿಯ ಮುಂದೆ ನಂದಿಕೋಲು ಹೊತ್ತು ಕುಣಿಯುವವನಿಗೆ ಅಂಕ ಹಾಕುವವರು ಯಾರು? ಅವನು ಯಾರನ್ನೂ ಗೆಲ್ಲಲು ಬಂದಿಲ್ಲ. ಜಾತ್ರೆಯದು ಜಾತ್ರೆಗೆ ಇರಲಿ, ಪಂದ್ಯದ್ದು ಪಂದ್ಯಕ್ಕೆ ಇರಲಿ. ಅಂಕದ ಆಸೆಗೆ ಹಳೆಯ ಮಟ್ಟುಗಳನ್ನು ಬಿಟ್ಟು ಬರೀ ನೆಗೆತ ಕಲಿಯುವ ಚಪಲವೂ ಬರಬಹುದು. ಆ ಭಯ ನನಗೂ ಇದೆ.

ಇನ್ನು ನನ್ನ ಒಂದು ತಪ್ಪನ್ನು ಹೇಳಬೇಕು. ಹಿಂದಿನ ವರ್ಷ ಕೆಲವು ಊರುಗಳ ನಡುವೆ ಲೇಜಿಮ್ ಪಂದ್ಯವಾದಾಗ ಪ್ರಮಾಣಪತ್ರಗಳ ಪಟ್ಟಿಯನ್ನು ಬರೆದವನು ನಾನೇ. ಗೆದ್ದ ತಂಡದ ಹದಿನಾರು ಹುಡುಗರ ಹೆಸರನ್ನು ತಪ್ಪಿಲ್ಲದೆ ಬರೆದೆನು. ಹಂಚಿದ ಮೇಲೆ, ಹುಲ್ಲಿನ ಬೆಂಕಿಯ ಪಕ್ಕದಲ್ಲಿ ಹಲಗೆ ಮಡಿಲಲ್ಲಿಟ್ಟು ಕುಳಿತಿದ್ದ ಒಬ್ಬ ಹಿರಿಯರು, “ಸಾಹೇಬ್ರ, ನಮ್ಮ ಹೆಸ್ರು ಯಾವ ಹಾಳ್ಯಾಗ ಬರೀತೀರಿ?” ಎಂದು ಕೇಳಿದರು. ಸಿಟ್ಟಿನಿಂದ ಅಲ್ಲ, ವಿಚಾರಿಸುವವರಂತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರಿಗೆ ಊಟ ಹಾಕಿ ಕೂಲಿ ಕೊಟ್ಟಿದ್ದೆವು. ಅಷ್ಟೇ ಸಾಕೆಂದು ತಿಳಿದಿದ್ದೆವು.

ನೋಡಿರಿ, ಹದಿನಾರು ಮಂದಿ ಹತ್ತು ನಿಮಿಷ ಆಡಿದರೆ ಹಲಗೆಯವರು ಎಲ್ಲಾ ತಂಡಗಳಿಗೂ ಸೇರಿ ಎರಡು ತಾಸು ನಿಂತು ಬಾರಿಸಿದರು. ಮಂಜಿನ ರಾತ್ರಿ ತೇವಕ್ಕೆ ಚರ್ಮ ಸಡಿಲಿ ನಾದ ಇಳಿಯುತ್ತದೆ. ನಡುನಡುವೆ ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿಕೊಳ್ಳಬೇಕು. ಹೆಚ್ಚು ಕಾದರೆ ಚರ್ಮ ಸೀಳುತ್ತದೆ. ತಾಳ ಏರಿಸುವುದೂ ಇಳಿಸುವುದೂ ಅವರ ಕೈಯಲ್ಲಿ. ಹುಡುಗರು ಅವರ ಕೈ ನೋಡಿ ಕಾಲು ಹಾಕುತ್ತಾರೆ. ಜಾತ್ರೆಯ ಅಖಾಡದಲ್ಲಿಯೂ ಹೀಗೆಯೇ ಆಗುತ್ತದೆ. ಕಡೆಯ ಕುಸ್ತಿ ಗೆದ್ದವನಿಗೆ ಬೆಳ್ಳಿಯ ಕಡಗ. ಬೆಳಗಿನಿಂದ ಹಲಗೆ ಬಾರಿಸಿ ಹುರುಪು ತುಂಬಿದವನಿಗೆ ಅಂಗಿಯ ಕಿಸೆಗೆ ಒಂದು ನೋಟು. ಇದಕ್ಕೆ ಜಾತಿಯ ಕಾರಣವೂ ಉಂಟೆಂಬುದನ್ನು ಹಲಗೆ ಯಾವ ಓಣಿಯಿಂದ ಬರುತ್ತದೆಂದು ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಲೇಜಿಮ್ ಆಟವೆಂದಾದರೆ ಹಲಗೆಯವರೂ ಆಟಗಾರರೇ. ಅವರನ್ನು ಬಿಟ್ಟು ಹುಡುಗರನ್ನು ಮಾತ್ರ ಆಟಗಾರರೆಂದರೆ ಆ ಲೆಕ್ಕ ಸರಿಹೋಗುವುದಿಲ್ಲ.

ಆಟಗಾರರೆಂದ ಮೇಲೆ ಆರೋಗ್ಯದ ಕಾಳಜಿಯೂ ಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕೇಳಿದರೆ ಕಿವಿಗೆ ಹಾನಿ. ಅಲ್ಲಿಂದ ಮೇಲೆ ಮೂರು ಡೆಸಿಬೆಲ್ ಏರಿದಂತೆಲ್ಲಾ ಸಹಿಸಬಹುದಾದ ಕಾಲ ಅರ್ಧಕ್ಕೆ ಇಳಿಯುತ್ತದೆ. ಹಲಗೆಯ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವ ಸದ್ದು ಇದಕ್ಕಿಂತ ಬಹಳ ಹೆಚ್ಚು. ಔಷಧ ಅಂಗಡಿಯಲ್ಲಿ ಸಿಗುವ ಕಿವಿಬಿರಡೆಯನ್ನು ಹಲಗೆಯವರಿಗೆ ಸಂಘದ ಹಣದಿಂದಲೇ ತಂದುಕೊಡಿರಿ. ಬರೀ ಅರಳೆ ಸಾಲದು. ಬೆವರು ಸುರಿದ ಮೇಲೆ ಚಹಾ ಕುಡಿಸುವ ರೂಢಿಯನ್ನು ಬಿಟ್ಟು ನೀರನ್ನೇ ಕೊಡಿರಿ. ಬಹಳ ಬೆವರಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ಮೊಣಕಾಲೂರುವ ಅಭ್ಯಾಸವನ್ನು ಕಾಂಕ್ರೀಟ್ ರಸ್ತೆಯ ಮೇಲೆ ಮಾಡಿಸದೆ ಕಣದ ಮಣ್ಣಿನ ಮೇಲೆ ಮಾಡಿಸಿರಿ.

ಬರುವ ಪಂದ್ಯಕ್ಕೆ ಐದು ಊರಿನ ಸಂಘದವರು ಕೂಡಿ ಒಪ್ಪಿದ ನಿಯಮ ಹೀಗಿದೆ. ತಂಡಕ್ಕೆ ಹದಿನಾರು ಮಂದಿ ಲೇಜಿಮ್, ಇಬ್ಬರು ಹಲಗೆ, ಒಟ್ಟು ಹದಿನೆಂಟು. ಕಾಲ ಹತ್ತು ನಿಮಿಷ. ನೂರು ಅಂಕಗಳಲ್ಲಿ ತಾಳಕ್ಕೆ 40, ಸಾಲು ಮತ್ತು ಚಲನೆಗೆ 30, ಹಲಗೆಗೆ 30. ತೀರ್ಪುಗಾರರು ಮೂವರು: ಒಬ್ಬರು ವ್ಯಾಯಾಮದ ಮಾಸ್ತರು, ಒಬ್ಬರು ವಾದ್ಯ ಬಲ್ಲವರು, ಒಬ್ಬರು ಪಂದ್ಯದಲ್ಲಿಲ್ಲದ ಊರಿನವರು. ಹೆಸರಿನ ಪಟ್ಟಿಯನ್ನು ನಾನೇ ಬರೆಯುತ್ತೇನೆ. ಹಾಳೆಯಲ್ಲಿ ಮೊದಲಿನ ಎರಡು ಗೆರೆಗಳು ಹಲಗೆಯವರವು. ಆ ಎರಡು ಗೆರೆ ಖಾಲಿ ಇರುವ ಪಟ್ಟಿಯನ್ನು ತೆಗೆದುಕೊಳ್ಳುವುದಿಲ್ಲ. ತೊಗರಿ ರಾಶಿ ಮುಗಿಯುವುದರೊಳಗೆ ಹೆಸರುಗಳನ್ನು ಕೊಡಬೇಕು.