ಎದೆಗುಂದುವುದು ಎಂದರೇನು?

ತಮಿಳುನಾಡಿನ ಹೊಸೂರಿನ ಕನ್ನಡ ಮನೆಗಳಲ್ಲಿ ‘ಹುಡುಗ ಯಾಕೋ ಡಲ್ ಆಗಿದ್ದಾನೆ’ ಎಂಬ ಮಾತು ಆಗಾಗ ಕೇಳುತ್ತದೆ. ಜ್ವರ ಬಂದರೂ ಡಲ್, ನಿದ್ದೆಗೆಟ್ಟರೂ ಡಲ್, ಮಾರ್ಕ್ಸ್ ಕಡಿಮೆ ಬಂದು ಮೂಲೆ ಹಿಡಿದರೂ ಡಲ್. ಈ ಕೊನೆಯದಕ್ಕೆ ನಮ್ಮಲ್ಲಿ ಬೇರೆಯೇ ಪದವಿದೆ: ಎದೆಗುಂದು.

ಎದೆ, ಕುಂದು ಎಂಬ ಎರಡು ಪದ ಸೇರಿ ಇದಾಗಿದೆ. ಎದೆ ಅಂದರೆ ಇಲ್ಲಿ ಧೈರ್ಯ. ಕುಂದು ಅಂದರೆ ಕಡಿಮೆಯಾಗು. ಸೇರುವಾಗ ‘ಕ’ ಹೋಗಿ ‘ಗ’ ಬರುತ್ತದೆ. ವ್ಯಾಕರಣ ಇದನ್ನು ಆದೇಶ ಸಂಧಿ ಎನ್ನುತ್ತದೆ.

ಮಗು ತಮಿಳು ಮಾಧ್ಯಮದಲ್ಲಿ ಓದುತ್ತಿದೆ, ಇದೆಲ್ಲ ತಿಳಿದೀತೇ? ಖಂಡಿತ ತಿಳಿಯುತ್ತದೆ. ಬರಹದ ತಮಿಳಿನ ‘ಒನ್ರು’ ಕನ್ನಡದಲ್ಲಿ ‘ಒಂದು’. ‘ಎನ್ರು’ ನಮ್ಮ ‘ಎಂದು’. ಹಾಗೆಯೇ ‘ಕುನ್ರು’ ನಮ್ಮ ‘ಕುಂದು’. ಅಲ್ಲೂ ಅದಕ್ಕೆ ಕಡಿಮೆಯಾಗು ಎಂಬ ಅರ್ಥವಿದೆ. ಗುಡ್ಡ ಎಂಬ ಅರ್ಥದ ಕುನ್ರು ಬೇರೆ. ಊರಿನ ಚಂದ್ರಚೂಡೇಶ್ವರನ ಬೆಟ್ಟ ನೋಡುತ್ತ ಬೆಳೆದ ಮಗು ಅದನ್ನು ಕೇಳಿಯೇ ಕೇಳುತ್ತದೆ, ಬಿಡಿಸಿ ಹೇಳಿ. ಪಕ್ಕದ ಮನೆಯ ತೆಲುಗಿನಲ್ಲೂ ‘ಕುಂದು’ ಇದೆ, ಕೊರಗು ಎಂಬ ಅರ್ಥದಲ್ಲಿ. ಮೂರು ಭಾಷೆ ಕಿವಿಗೆ ಬೀಳುವ ಊರಿನ ಮಕ್ಕಳಿಗೆ ಇಂಥ ಪದ ಕಲಿಯುವುದು ಸುಲಭ.

ನಿರಾಶೆಗೂ ಎದೆಗುಂದುವುದಕ್ಕೂ ಏನು ವ್ಯತ್ಯಾಸ? ರಾಯಕೋಟೆ ಮಂಡಿಗೆ ಟೊಮ್ಯಾಟೊ ತಂದ ರೈತನಿಗೆ ಎಣಿಸಿದ ಬೆಲೆ ಸಿಗಲಿಲ್ಲ ಎನ್ನಿ. ಅದು ನಿರಾಶೆ. ಇನ್ನೊಂದು ಬೆಳೆ ಇಡಲು ತನ್ನಿಂದಾಗದು ಅನಿಸಿತು. ಆಗ ಅವನು ಎದೆಗುಂದಿದ. ಸಸಿ ತರುವುದನ್ನೇ ಬಿಟ್ಟರೆ ಕೈಚೆಲ್ಲಿದ. ನಿರಾಶೆ ಬೆಲೆಯ ಮಾತು, ಎದೆಗುಂದುವುದು ಅವನ ಧೈರ್ಯದ ಮಾತು.

ಎದೆಗುಂದು ಎಂಬುದು ವರ್ಬ್, ಅಂದರೆ ಕ್ರಿಯಾಪದ. ಎದೆಗುಂದುವುದು ಮನುಷ್ಯ. ಆದ್ದರಿಂದ ‘ಅವಳು ಎದೆಗುಂದಿದಳು’ ಸರಿ, ‘ಅವಳ ಮನಸ್ಸು ಎದೆಗುಂದಿತು’ ಸರಿಯಲ್ಲ. ಬಿಡಿಸಿ ‘ಎದೆ ಕುಂದಿತು’ ಎಂದರೂ ತಪ್ಪಿಲ್ಲ. ಕಾರಣ ಹೇಳಬೇಕಿದ್ದರೆ ‘ಸೋಲಿಗೆ ಎದೆಗುಂದಿದ’, ‘ನಷ್ಟದಿಂದ ಎದೆಗುಂದಿದ’ ಎನ್ನಬಹುದು. ಆದರೆ ಈ ಪದ ಹೆಚ್ಚಾಗಿ ಬರುವುದು ಬೇಡ ಎನ್ನುವಾಗಲೇ: ಎದೆಗುಂದಬೇಡ, ಎದೆಗುಂದದೆ ಮಾಡು. ನನಗೆ ಈ ಪದ ಇಷ್ಟವಾಗುವುದೂ ಅದಕ್ಕೇ.

ಇಂಥ ಪದಗಳ ಅರ್ಥ ನೋಡಲು ನಿಘಂಟು ಬೇಕೆಂದರೆ ಅದಕ್ಕೆ ಖರ್ಚಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆಯಾಗಿ ಓದಬಹುದು. ಇಡೀ ಪದ ಸಿಗದಿದ್ದರೆ ‘ಎದೆ’, ‘ಕುಂದು’ ಎಂದು ಬಿಡಿಬಿಡಿಯಾಗಿ ಹುಡುಕಿ. ಮುಂದಿನ ಸಲ ಮಗು ಮಾರ್ಕ್ಸ್ ಕಾರ್ಡ್ ಹಿಡಿದು ಸುಮ್ಮನೆ ಕೂತರೆ, ಪಕ್ಕದಲ್ಲಿ ಕೂತು ‘ಎದೆಗುಂದಬೇಡ ಕಂದ’ ಎನ್ನಿ.