ಊರಿನಲ್ಲಿ ಹಿಂಡಿ ಬೂಸಾ ಅಂಗಡಿ ಇಡುವವರಿಗೆ



ಕರೆಯುವ ಹಸು ಹೆಚ್ಚಿದ ಊರಿನಲ್ಲಿ ಹಿಂಡಿ ಬೂಸಾಕ್ಕೆ ಗಿರಾಕಿ ಇದ್ದೇ ಇರುತ್ತದೆ. ಒಂದು ಮೂಟೆಗಾಗಿ ಪೇಟೆಗೆ ಹೋಗಿ ಬರುವ ಬಾಡಿಗೆ, ಕೆಲಸ ಕೆಟ್ಟ ಅರ್ಧ ದಿನ ಇವೆರಡನ್ನೂ ಲೆಕ್ಕಕ್ಕೆ ಹಿಡಿದವರು ಊರಿನಲ್ಲೇ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚು ಕೊಟ್ಟೂ ಕೊಳ್ಳುತ್ತಾರೆ. ಆದುದರಿಂದಲೇ ಅನೇಕ ತರುಣರು "ನಾವೇ ಒಂದು ಅಂಗಡಿ ಇಟ್ಟರೆ ಹೇಗೆ?" ಎಂದು ಕೇಳುತ್ತಿದ್ದಾರೆ. ಇಡಬಹುದು. ಆದರೆ ಬಾಡಿಗೆಗೆ ಕೋಣೆ ಹಿಡಿಯುವುದಕ್ಕೆ ಮುಂಚೆ ಊರಿನ ಕೊಟ್ಟಿಗೆಗಳನ್ನು ಒಮ್ಮೆ ಎಣಿಸಿ ಬರತಕ್ಕದ್ದು.

ಎಣಿಕೆಗೆ ಒಂದು ಅಳತೆ ಇದೆ. ಹಸು ತನ್ನ ಮೈ ಉಳಿಸಿಕೊಳ್ಳಲು ಹುಲ್ಲಿನ ಜೊತೆಗೆ ದಿನಕ್ಕೆ ಸುಮಾರು 1½ ಕಿಲೋ ತಿಂಡಿ ಬೇಕು. ಅದರ ಮೇಲೆ ಕೊಡುವ ಪ್ರತಿ 2½ ಲೀಟರ್ ಹಾಲಿಗೆ 1 ಕಿಲೋ. ಎಮ್ಮೆಯ ಹಾಲು ಗಟ್ಟಿ, ಅದಕ್ಕೆ 2 ಲೀಟರಿಗೇ 1 ಕಿಲೋ. ಹೀಗೆ 10 ಲೀಟರ್ ಕೊಡುವ ಸೀಮೆಹಸುವಿಗೆ ದಿನಕ್ಕೆ 5½ ಕಿಲೋ ಆಯಿತು; 50 ಕಿಲೋ ಮೂಟೆ ಒಂಬತ್ತು ದಿನಕ್ಕೆ ಬರಿದು. ಇಂಥ 50 ಹಸು ಊರಿನಲ್ಲಿದ್ದರೆ ದಿನಕ್ಕೆ 275 ಕಿಲೋ, ಅಂದರೆ ಐದೂವರೆ ಮೂಟೆ. ಇದು ಕಾಗದದ ಮೇಲಿನ ಲೆಕ್ಕ. ಎಲ್ಲರೂ ಪ್ರಮಾಣ ನೋಡಿ ಹಾಕುವುದಿಲ್ಲ, ಕೆಲವರು ಮನೆಯ ಹುರುಳಿ ಜೋಳವನ್ನೇ ನುಚ್ಚು ಮಾಡಿ ಇಡುತ್ತಾರೆ, ಮಳೆ ಬಿದ್ದು ಹಸಿರು ಮೇವು ಎದ್ದ ಮೇಲೆ ಕೊಳ್ಳುವುದನ್ನೇ ಕಡಿಮೆ ಮಾಡುತ್ತಾರೆ. ಅರ್ಧವನ್ನು ಮಾತ್ರ ನಂಬಿರಿ. ತಿಂಗಳಿಗೆ 80 ಮೂಟೆ ಎಂದಿಟ್ಟುಕೊಳ್ಳೋಣ.

ಊರಿನಲ್ಲಿ ಹಾಲಿನ ಸಂಘವಿದ್ದರೆ ಅದರೊಡನೆ ಪೈಪೋಟಿಗೆ ಇಳಿಯುವುದು ಜಾಣತನವಲ್ಲ. ಹಾಲಿನಂತೆ ತಿಂಡಿಯೂ ರೈತರ ಸಂಘದ ಕೈಯಲ್ಲಿರಬೇಕೆಂದು ಗುಜರಾತಿನ ಖೇಡಾ ಜಿಲ್ಲೆಯ ಹಾಲು ಒಕ್ಕೂಟದವರು ಕಂಜರಿಯಲ್ಲಿ ಪಶು ಆಹಾರದ ಕಾರ್ಖಾನೆ ಕಟ್ಟಿದರು. 1964ರ ಅಕ್ಟೋಬರ್ 31ರಂದು ಅದನ್ನು ಆರಂಭಿಸಿದವರು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು. ನಮ್ಮ ಕರ್ನಾಟಕದ ಹಾಲು ಮಹಾಮಂಡಳವೂ ಅದೇ ದಾರಿಯಲ್ಲಿ ನಂದಿನಿ ಪಶು ಆಹಾರ ತಯಾರಿಸಿ ಸಂಘಗಳ ಮೂಲಕ ಕೊಡುತ್ತಿದೆ. ಸಂಘದಲ್ಲಿ ಸಿಗುವುದನ್ನು ಸಂಘಕ್ಕೇ ಬಿಡಿ. ಗೋಧಿ ಬೂಸಾ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಖನಿಜ ಮಿಶ್ರಣ, ಉಪ್ಪು ಇವುಗಳಲ್ಲಿ ಅಲ್ಲಿ ಸಿಗದ್ದನ್ನು ನೀವು ಇಡಿ. ತೌಡಿಗೆ ಅಕ್ಕಿ ಗಿರಣಿ, ಹಿಂಡಿಗೆ ಎಣ್ಣೆ ಗಿರಣಿ ಹತ್ತಿರವಿದ್ದಷ್ಟೂ ಸಾಗಣೆ ಉಳಿಯುತ್ತದೆ. ಮಂಡ್ಯ, ಗಂಗಾವತಿ ಕಡೆಯವರಿಗೆ ತೌಡು, ಚಳ್ಳಕೆರೆ ಕಡೆಯವರಿಗೆ ಕಡಲೆಕಾಯಿ ಹಿಂಡಿ ಬಾಗಿಲಿನಲ್ಲೇ ಇದ್ದ ಹಾಗೆ. ಬೂಸಾ ಮೂಟೆಗಳ ತೂಕ ಎಲ್ಲಾ ಕಡೆ ಒಂದೇ ಇರುವುದಿಲ್ಲ. ಮೂಟೆಯ ದರ ಕೇಳಿ ಮೋಸ ಹೋಗಬೇಡಿ, ಕಿಲೋ ದರ ಹಾಕಿ ನೋಡಿ.

ಈಗ ಉದ್ರಿಯ ಮಾತು. ಈ ವ್ಯಾಪಾರದಲ್ಲಿ ಅಂಗಡಿ ಮುಚ್ಚಿಸುವುದು ಇದೇ. ಮೂಟೆಯ ಬೆಲೆ 1,200 ರೂಪಾಯಿ, ಅದರಲ್ಲಿ ನಿಮಗೆ ಉಳಿಯುವುದು 25 ರೂಪಾಯಿ ಎಂದು ಊಹಿಸಿ. 80 ಮೂಟೆಗೆ 2,000 ರೂಪಾಯಿ. ಬಾಡಿಗೆ, ಹಮಾಲಿ, ಬಡ್ಡಿ ಎಲ್ಲ ಇದರಲ್ಲೇ ಹೋಗಬೇಕು. ಒಬ್ಬರು ಒಂದೇ ಒಂದು ಮೂಟೆಯ ಹಣ ಕೊಡದೆ ಹೋದರೆ 48 ಮೂಟೆ ಮಾರಿದ ಲಾಭ ಮುಳುಗಿತು! ನಿಮ್ಮ ಊರಿನ ದರಗಳನ್ನು ಹಾಕಿ ಇದೇ ಲೆಕ್ಕವನ್ನು ನೀವೇ ಮಾಡಿ ನೋಡಿ. ಹಾಗೆಂದು ಹಳ್ಳಿಯಲ್ಲಿ ಉದ್ರಿಯೇ ಇಲ್ಲವೆಂದರೆ ವ್ಯಾಪಾರವೂ ಇಲ್ಲ. ಚಿಕ್ಕಪ್ಪನಿಗೆ, ಬೀಗರಿಗೆ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ. ನಮಗೆ ತೋರುವ ದಾರಿ ಇಷ್ಟು: ಉದ್ರಿಯನ್ನು ಹಾಲಿನ ಬಟವಾಡೆಗೆ ಕಟ್ಟಿ ಹಾಕಿ. ಬಟವಾಡೆಯ ದಿನ ಹಳೆಯ ಬಾಕಿ ತೀರಿದ ಮೇಲೆಯೇ ಮುಂದಿನ ಮೂಟೆ. ಮೊದಲ ದಿನದಿಂದಲೇ ಎಲ್ಲರಿಗೂ ಒಂದೇ ನಿಯಮವಾದರೆ ಮನಸ್ತಾಪಕ್ಕೆ ಎಡೆಯಿಲ್ಲ. ಪುಸ್ತಕದಲ್ಲಿ ಬರೆದು ಕೊಂಡವರ ಸಹಿ ಹಾಕಿಸಿಕೊಳ್ಳಿ.

ದಾಸ್ತಾನಿನ ವಿಷಯದಲ್ಲಿ ನಾವು ಕಟ್ಟುನಿಟ್ಟಾಗಿ ಹೇಳಬೇಕಾದದ್ದು ಬೂಷ್ಟಿನ ಬಗ್ಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವು ತಿಂದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದು ವಿಷ ಸೇರಿತ್ತೆಂದು ಗೊತ್ತಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ದನ ಇದನ್ನು ತಿಂದರೆ ಈಲಿ ಕೆಡುತ್ತದೆ, ಹಾಲು ಇಳಿಯುತ್ತದೆ, ಕರುಗಳಿಗೆ ಹೆಚ್ಚು ಅಪಾಯ. ಅಷ್ಟಕ್ಕೇ ನಿಲ್ಲದೆ ವಿಷದ ಒಂದು ಅಂಶ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಅದನ್ನು ಕುಡಿಯುವವರು ನಮ್ಮ ಮಕ್ಕಳೇ. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ, ಉಜ್ಜಿ, ಬೆಲೆ ಇಳಿಸಿ ಮಾರುವ ಪದ್ಧತಿ ಕೆಲವೆಡೆ ಇದೆ. ಒಣಗಿಸಿದರೆ ಬೂಷ್ಟಿನ ಬಣ್ಣ ಮರೆಯಾದೀತು, ವಿಷ ಹಾಗೆಯೇ ಉಳಿಯುತ್ತದೆ. ಅಂಥ ಮೂಟೆಯನ್ನು ಯಾವ ಪ್ರಾಣಿಗೂ ಹಾಕದೆ ನಾಶಮಾಡಬೇಕು. ಕಷ್ಟವೇ, ಆದರೂ ಮಾಡಬೇಕು.

ಬೂಷ್ಟು ಬರುವುದು ತೇವದಿಂದ. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಜೋಡಿಸಿ. ಗಾಳಿ ಆಡುವ ಕೋಣೆ ಬೇಕು, ಸೋರುವ ಹೆಂಚು ಬೇಡ. ಕಾರ್ಖಾನೆಯ ತಿಂಡಿ ಕೊಳ್ಳುವಾಗ ಚೀಟಿ ಓದಿ; ತೇವ ನೂರಕ್ಕೆ 11ಕ್ಕಿಂತ ಹೆಚ್ಚಿರಬಾರದು. ಮೊದಲು ಬಂದ ಮೂಟೆ ಮೊದಲು ಹೋಗಲಿ. ಎಣ್ಣೆ ತೆಗೆಯದ ಅಕ್ಕಿ ತೌಡು ಬಹು ಬೇಗ ಮುಗ್ಗುತ್ತದೆ, ಅದನ್ನು ವಾರಕ್ಕೆ ಬೇಕಾದಷ್ಟೇ ತನ್ನಿ. ಇಲಿಗೆ ಬೋನು ಇಡಿ, ವಿಷ ಇಡಬೇಡಿ. ಯೂರಿಯಾ, ಕೀಟನಾಶಕಗಳನ್ನು ಅದೇ ಕೋಣೆಯಲ್ಲಿ ಎಂದಿಗೂ ಇಡಕೂಡದು. ಹರಿದ ಯೂರಿಯಾ ಚೀಲ ನೆಕ್ಕಿದ ದನ ಸಾಯಬಹುದು.

ಮಾಲು ಇಳಿಸಿಕೊಳ್ಳುವಾಗ ಒಂದು ಹಿಡಿ ತೆಗೆದು ನೋಡಿ. ನೀರಿಗೆ ಹಾಕಿ ಕದಡಿದರೆ ಮರಳು ತಳಕ್ಕೆ ಇಳಿಯುತ್ತದೆ, ಭತ್ತದ ಉಮಿ, ಮರದ ಹೊಟ್ಟು ಮೇಲೆ ತೇಲುತ್ತವೆ. ಮುಗ್ಗಲು ವಾಸನೆ, ಗಂಟು, ಒಳಗೆ ಬಿಸಿ ಇದ್ದರೆ ಲಾರಿಯಲ್ಲೇ ಹಿಂದಕ್ಕೆ ಕಳುಹಿಸಿ. ಇಳಿಸಿದ ಮೇಲೆ ವಾದ ನಡೆಯುವುದಿಲ್ಲ.

ಪಂಚಾಯಿತಿಯ ಪರವಾನಗಿ ಪಡೆಯಬೇಕು. ವಿದ್ಯುತ್ ತಕ್ಕಡಿಯಾದರೆ ಪ್ರತಿ ವರ್ಷ ಕಾನೂನು ಮಾಪನ ಇಲಾಖೆಯವರಿಂದ ಮುದ್ರೆ ಹಾಕಿಸಬೇಕು. ಬಿಡಿಯಾಗಿ ಐದು ಹತ್ತು ಕಿಲೋ ಕೊಳ್ಳುವ ಒಂದೇ ಹಸುವಿನವರೂ ಇರುತ್ತಾರೆ, ತಕ್ಕಡಿಯ ಮುಖ ಅವರ ಕಡೆಗಿರಲಿ.

ಮೊದಲ ಬಾರಿಗೆ 15 ದಿನಕ್ಕೆ ಆಗುವಷ್ಟೇ ಮಾಲು ತನ್ನಿ. ಹೊಸ ತಿಂಡಿ ಒಯ್ಯುವವರಿಗೆ ಒಂದು ಮಾತು ಹೇಳಿ ಕಳುಹಿಸಿ: ಹಳೆಯದರ ಜೊತೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಎಂಟು ಹತ್ತು ದಿನಗಳಲ್ಲಿ ಪೂರ್ತಿ ಬದಲಾಯಿಸಬೇಕು. ಒಮ್ಮೆಲೇ ಬದಲಾಯಿಸಿದರೆ ಹಸು ಮೇವು ಬಿಡುತ್ತದೆ, ಮರುದಿನ ಅವರು ನಿಮ್ಮ ಅಂಗಡಿಯ ಮುಂದೆ ನಿಂತಿರುತ್ತಾರೆ.